ಸೊಂಟದಲ್ಲಿ ಸಿಕ್ಕ ಚಾಕು

"ಗುರುಗಳೇ, ಇವತ್ತು ನನ್ನ ಮನಸ್ಸನ್ನೇ ಶೋಧಿಸಲು ಕೂತೆ. ಕೂತ ಗಳಿಗೆಗೇ ಸಿಟ್ಟು ಸಿಕ್ಕಿತು. ಕಿತ್ತೆಸೆದೆ. ಇನ್ನು ನಾನು ನಿಶ್ಚಿಂತೆಯಿಂದ ಇರಬಹುದಲ್ಲವೇ?" ಎಂದು ಶಿಷ್ಯ ಸಂಗಯ್ಯ ಕೇಳಿದ.

ಗುರುಗಳು ನಕ್ಕರು. "ಇಷ್ಟು ಬೇಗ ಮುಗಿಯಿತೇ? ನಾನು ಮೂವತ್ತು ವರ್ಷದಿಂದ ತಡಕುತ್ತಲೇ ಇದ್ದೇನಪ್ಪ" ಎಂದು ಈ ಕತೆ ಹೇಳಿದರು.

ಒಂದು ಊರಿನ ತಪಾಸಣಾ ನಾಕಾದಲ್ಲಿ ಇಬ್ಬರು ಪೊಲೀಸರಿದ್ದರು. ಒಬ್ಬ ಹಿರಿಯ, ಒಬ್ಬ ಹೊಸಬ. ಹೊಸಬನಿಗೆ ಹಿರಿಯನೇ ಕೆಲಸ ಕಲಿಸಿದ್ದ. ಆಳಿನ ಹಿಂದೆ ನಿಲ್ಲಬೇಕು, ಸವರಬಾರದು, ಒತ್ತಿ ನೋಡಬೇಕು, ತಲೆಯಿಂದ ಪಾದದವರೆಗೆ ಹೋಗಬೇಕು. "ಒಂದು ಆಯುಧ ಸಿಕ್ಕಿತು ಅಂತ ಕೈ ತೆಗೀಬೇಡ ಮಗಾ. ಆಮೇಲೇ ಹೆಚ್ಚು ಹುಷಾರಾಗಿರು" ಎಂದು ಸಾರಿ ಸಾರಿ ಹೇಳಿದ್ದ.

ಒಂದು ಮಧ್ಯಾಹ್ನ ಶಾಲು ಹೊದ್ದವನೊಬ್ಬ ಬಂದ. ಹೊಸಬ ಹೆದರುತ್ತಲೇ ತಡಕತೊಡಗಿದ. ಕಂಕುಳು ನೋಡಿದ, ಏನಿಲ್ಲ. ಸೊಂಟ ಒತ್ತಿದ, ಚಾಕು ಸಿಕ್ಕಿತು. ಹೋದ ಜೀವ ಬಂದಂತಾಯಿತು. ಕೂಡಲೇ ಕೈ ಮುಂದೆ ಮಾಡಿಸಿ ಬೇಡಿ ಹಾಕಿದ. ಹಿರಿಯ ಅವನ ಬೆನ್ನು ತಟ್ಟಿ, ಕೈದಿಯನ್ನು ಜೀಪಿನಲ್ಲಿ ಚಾಲಕನ ಹಿಂದಿನ ಸೀಟಿಗೆ ಹತ್ತಿಸಿ, ತನ್ನ ಪಕ್ಕ ಕೂರಿಸಿಕೊಂಡು ಠಾಣೆಗೆ ಹೊರಟ.

ಹೊಸಬ ಖುಷಿಯಲ್ಲೇ ಮುಂದಿನವನನ್ನು ತಡಕಿದ. ತಲೆ, ಕಂಕುಳು, ಸೊಂಟ, ತೊಡೆ. ಕೈ ಕಾಲಿನ ಹರಡಿಗೆ ಬಂದಾಗ ಅಲ್ಲೇ ನಿಂತುಬಿಟ್ಟಿತು. ಮೊದಲಿನವನ ಕಾಲನ್ನು ತಾನು ಮುಟ್ಟಿಯೇ ಇರಲಿಲ್ಲ.

ಅವನು ಜೀಪು ಹೋದ ದಾರಿಯಲ್ಲಿ ಓಡಿದ. ಕೂಗಿದರೆ ಕೇಳದಷ್ಟು ದೂರ ಅದು ಹೋಗಿತ್ತು. ಏನೂ ಆಗದಿರಲಿ ಎಂದು ಎಲ್ಲ ದೇವರಿಗೂ ಹರಕೆ ಹೊತ್ತ. ರೈಲ್ವೆ ಗೇಟಿನ ಬಳಿ ಜೀಪು ನಿಂತಿದ್ದು ಕಂಡಿತು. ಜನ ಸೇರಿದ್ದರು. ಹಿರಿಯ ರಸ್ತೆಯ ಮೇಲೆ ಸತ್ತು ಬಿದ್ದಿದ್ದ. ಚಾಲಕ ಕೈದಿಯನ್ನು ನೆಲಕ್ಕೆ ಅದುಮಿ ಹಿಡಿದಿದ್ದ. ಪಕ್ಕದಲ್ಲಿ ಇನ್ನೊಂದು ಚಾಕು ಬಿದ್ದಿತ್ತು.

ಹೊಸಬ ಅಳುತ್ತಾ, "ನನಗೆ ಒಂದೇ ಸಿಕ್ಕಿದ್ದು" ಎಂದ.

ಕೈದಿ ಮುಖವೆತ್ತಿ, "ಅದನ್ನ ನಿಮಗೆ ಸಿಗಲಿ ಅಂತಲೇ ಇಟ್ಟಿದ್ದೆ ಸ್ವಾಮಿ" ಎಂದ.

ಗುರುಗಳು ಕತೆ ನಿಲ್ಲಿಸಿದರು. ಸಂಗಯ್ಯನ ಕೈ ಅವನಿಗೇ ತಿಳಿಯದೆ ಎದೆಯ ಮೇಲೆ ಹೋಗಿತ್ತು.

"ಈಗ ಹೇಳು, ಕೂತ ಗಳಿಗೆಗೇ ಕೈಗೆ ಸಿಗುವ ಹಾಗೆ ಆ ಸಿಟ್ಟನ್ನು ಅಲ್ಲಿ ಇಟ್ಟವರು ಯಾರು?"