ಕತ್ತಿ ಮತ್ತು ಕವೆಗೋಲು

"ಗುರುಗಳೇ, ಹಿರಿಯರು ಕಲಿಸಿದ್ದನ್ನು ಎಲ್ಲಿಯವರೆಗೆ ಹಿಡಿದುಕೊಂಡಿರಬೇಕು? ಹೊಸದಾಗಿ ತಿಳಿದದ್ದನ್ನು ಯಾವಾಗ ನಂಬಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆಯನ್ನು ಹೇಳಿದರು.

ಪೂರ್ವ ಆಫ್ರಿಕಾದಲ್ಲಿ ಉಗಾಂಡ ಎಂಬ ದೇಶವಿದೆ. ಅಲ್ಲಿಯ ಒಂದು ಸೀಮೆಯ ಜನಕ್ಕೆ ಬಾಳೆಯೇ ಅನ್ನ. ಬಾಳೆಕಾಯಿಯ ಸಿಪ್ಪೆ ತೆಗೆದು, ಎಲೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ, ಮಿದ್ದು ಉಣ್ಣುತ್ತಾರೆ. ಬೇರೆ ಏನು ತಿಂದರೂ ಅದಿಲ್ಲದೆ ಊಟವಾಯಿತು ಎನ್ನುವುದಿಲ್ಲ.

ಆ ಸೀಮೆಯಲ್ಲಿ ನಮುಗ್ಗ ಎಂಬ ರೈತ ಹೆಂಗಸು ಇದ್ದಳು. ಅವಳ ಬಾಳೆತೋಟ ಅವಳಿಗೆ ಅತ್ತೆಯಿಂದ ಬಂದದ್ದು. ಆ ಅತ್ತೆಗೆ ತನ್ನ ಅತ್ತೆಯಿಂದ ಬಂದದ್ದು. ಒಂದು ಗಿಡ ಗೊನೆ ಕೊಟ್ಟು ಬಿದ್ದರೆ ಅದರ ಬುಡದ ಕಂದು ಮೇಲೇಳುತ್ತಿತ್ತು. ಮೊದಲ ಗಿಡ ನೆಟ್ಟವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ನಮುಗ್ಗ ದಿನಾ ಬೆಳಿಗ್ಗೆ ಕತ್ತಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದಳು. ಒಣಗಿದ ಎಲೆ ಸವರಿ, ಬುಡಕ್ಕೆ ಹುಲ್ಲು ಹೊದಿಸಿ ಬರುತ್ತಿದ್ದಳು.

ಅವಳ ಸೊಸೆ ಕಿಸಾಕ್ಯೆ ಕೃಷಿಶಾಲೆಯಲ್ಲಿ ಓದಿದವಳು. ಮನೆಯ ಹಿಂದಿನ ಬಯಲಿನಲ್ಲಿ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಹೊಸ ಸಸಿಗಳನ್ನು ತಂದು ಸಾಲು ಹಿಡಿದು ನೆಟ್ಟಿದ್ದಳು. ಗೊಬ್ಬರವನ್ನು ಅಳೆದು ಹಾಕುತ್ತಿದ್ದಳು. ಅತ್ತೆ ಸೊಸೆಯರಲ್ಲಿ ಜಗಳವೇನೂ ಇರಲಿಲ್ಲ. ಆದರೆ ಅತ್ತೆ ಸೊಸೆಯ ಬಯಲಿಗೆ ಕಾಲಿಡುತ್ತಿರಲಿಲ್ಲ. ಸೊಸೆ ಅತ್ತೆಯ ತೋಟದ ಮಾತೆತ್ತುತ್ತಿರಲಿಲ್ಲ.

ಒಂದು ವರ್ಷ ತೋಟದ ಕೆಳಗಿನ ಮೂಲೆಯಲ್ಲಿ ಒಂದು ಗಿಡ ಬಾಡಿತು. ಬಿಸಿನೀರು ಸುರಿದ ಹಾಗೆ ಎಲೆಗಳು ಜೋತುಬಿದ್ದವು. ಕಾಯಿ ಬಲಿಯುವ ಮೊದಲೇ ಹಣ್ಣಾಯಿತು. ಸೀಳಿ ನೋಡಿದರೆ ಒಳಗೆ ಕಂದುಬಣ್ಣ. ನಮುಗ್ಗ ತನಗೆ ತಿಳಿದ ಆರೈಕೆ ಮಾಡಿದಳು. ಬಾಡಿದ ಎಲೆಗಳನ್ನು ಕತ್ತರಿಸಿದಳು. ಪಕ್ಕದ ಗಿಡಕ್ಕೆ ಹೋದಳು, ಅದರ ಪಕ್ಕದ್ದಕ್ಕೂ ಹೋದಳು. ರೋಗ ಹೆಚ್ಚಿದಷ್ಟೂ ಅವಳು ತೋಟದಲ್ಲಿ ಹೆಚ್ಚು ಹೊತ್ತು ಕಳೆದಳು. ರೋಗ ಮೂಲೆಯಿಂದ ತೋಟದ ನಡುವಿಗೆ ಬಂತು.

ಕಿಸಾಕ್ಯೆಗೆ ಆ ರೋಗ ಗೊತ್ತಿತ್ತು. ಬಹಳ ದಿನ ಹೇಳಲು ಹಿಂಜರಿದಳು. ಕೊನೆಗೆ ಹೇಳಿದಳು. ಕಣ್ಣಿಗೆ ಕಾಣದ ಕ್ರಿಮಿ ಕತ್ತಿಯ ಅಲಗಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತದೆ, ಇಡೀ ತೋಟವನ್ನು ಅಗೆದು ತೆಗೆದು, ನೆಲವನ್ನು ಕೆಲವು ಕಾಲ ಬೀಳು ಬಿಟ್ಟು, ಹೊಸ ಸಸಿ ನೆಡುವುದೇ ದಾರಿ ಎಂದಳು.

ನಮುಗ್ಗಳಿಗೆ ಸಿಟ್ಟು ಬಂತು. ಈ ಮನೆಗೆ ಅನ್ನ ಕೊಟ್ಟ ಕತ್ತಿಯ ಮೇಲೆ ಅಪವಾದ ಹೊರಿಸಬೇಡ ಎಂದಳು. ತಾನು ಬದುಕಿರುವಾಗ ಈ ತೋಟಕ್ಕೆ ಗುದ್ದಲಿ ಬೀಳುವುದಿಲ್ಲ ಎಂದಳು. ಅಂದಿನಿಂದ ಇಬ್ಬರ ನಡುವೆ ಬೇಕಾದಷ್ಟೇ ಮಾತು.

ಮಳೆಗಾಲ ಬಂದಾಗ ಸೊಸೆಯ ಬಯಲಿನಲ್ಲೂ ಒಂದು ಗಿಡ ಬಾಡಿತು. ವಾರ ಕಳೆಯುವುದರಲ್ಲಿ ಇನ್ನೊಂದು ಬಾಡಿತು. ಅಲ್ಲಿ ಅತ್ತೆಯ ಕತ್ತಿ ಆಡಿರಲಿಲ್ಲ. ಯಾರ ಕತ್ತಿಯೂ ಆಡಿರಲಿಲ್ಲ. ಕಿಸಾಕ್ಯೆ ಸಾಲುಗಳ ನಡುವೆ ಕುಳಿತುಬಿಟ್ಟಳು.

ನಮುಗ್ಗ ದೂರದಿಂದ ನೋಡಿದಳು. ಈಗೇನು ಹೇಳುತ್ತೀ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಮೊದಲ ಬಾರಿ ಸೊಸೆಯ ಬಯಲಿಗೆ ಬಂದು ಅವಳ ಪಕ್ಕದಲ್ಲಿ ಕುಳಿತಳು.

"ಕತ್ತಿ ತಾಗದ ಕಡೆ ಹೇಗೆ ಬಂತು?" ಎಂದು ಕೇಳಿದಳು.

"ಹೂವಿನಿಂದ, ಅತ್ತೆ. ಗೊನೆಯ ತುದಿಯ ಹೂವಿಗೆ ಜೇನ್ನೊಣ ಬರುತ್ತದೆ. ರೋಗ ಹಿಡಿದ ಗಿಡದ ಹೂವಿನಿಂದ ಈ ಹೂವಿಗೆ ಹೊತ್ತು ತರುತ್ತದೆ. ಕಾಯಿ ಕಟ್ಟಿದ ಕೂಡಲೇ ಹೂವು ತೆಗೆಯಬೇಕಿತ್ತು. ಕತ್ತಿಯಲ್ಲಿ ತೆಗೆದರೆ ಕತ್ತಿಯೇ ರೋಗ ಹರಡುತ್ತದೆ ಎಂದು ಹೆದರಿ ಬಿಟ್ಟೆ."

ನಮುಗ್ಗಳಿಗೆ ತವರು ನೆನಪಾಯಿತು. ಅವಳು ಚಿಕ್ಕವಳಿದ್ದಾಗ ತವರಿನಲ್ಲಿ ಕತ್ತಿ ಅಪರೂಪ. ಅಜ್ಜಿ ತುದಿ ಕವಲೊಡೆದ ಉದ್ದನೆಯ ಕವೆಗೋಲಿನಿಂದ ಬಾಳೆಹೂವನ್ನು ತಿರುಚಿ ಬೀಳಿಸುತ್ತಿದ್ದಳು. ಹೂವು ತೆಗೆದರೆ ಕಾಯಿ ದಪ್ಪವಾಗುತ್ತದೆ ಎನ್ನುತ್ತಿದ್ದಳು. ಮನೆಮನೆಗೆ ಕತ್ತಿ ಬಂದ ಮೇಲೆ ಆ ಕೋಲನ್ನು ಯಾರೂ ಕೇಳಲಿಲ್ಲ. ನಮುಗ್ಗ ಇದನ್ನು ಸೊಸೆಗೆ ಹೇಳಿದಳು. ಹೇಳುತ್ತಿದ್ದಂತೆ ಅವಳಿಗೆ ಮತ್ತೊಂದು ವಿಷಯ ಹೊಳೆಯಿತು. ಅವಳ ದನಿ ಸಣ್ಣದಾಯಿತು.

"ನೊಣವೇ ಹೊತ್ತು ತರುವುದಾದರೆ ಕತ್ತಿಯೂ ತರುತ್ತದೆ. ಹಾಗಾದರೆ ತೋಟದ ತುಂಬ ರೋಗ ಹೊತ್ತು ತಿರುಗಿದವಳು ನಾನೇ ತಾನೆ?"

"ಕತ್ತಿ ಹೊತ್ತು ತಿರುಗಿತು, ಅತ್ತೆ. ನೀವು ಆರೈಕೆ ಮಾಡಲು ಹೋಗಿದ್ದಿರಿ" ಎಂದಳು ಕಿಸಾಕ್ಯೆ.

ಮರುದಿನ ಇಬ್ಬರೂ ಸೇರಿ ಕವೆಗೋಲು ಕಡಿದು ತಂದರು. ಹೂವುಗಳನ್ನು ತಿರುಚಿ ಬೀಳಿಸಿದರು. ಕತ್ತಿ ಬೇಕಾದಲ್ಲಿ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಅಲಗನ್ನು ಕೆಂಡದಲ್ಲಿ ಕಾಯಿಸಿದರು. ಅದರ ಮರದ ಹಿಡಿ ಸುಟ್ಟು ಕಪ್ಪಾಯಿತು. ನಮುಗ್ಗ ಬೇಸರಪಡಲಿಲ್ಲ. ಇಡೀ ತೋಟ ಅಗೆಯುವ ಮಾತನ್ನು ಸೊಸೆ ಮತ್ತೆ ಎತ್ತಲಿಲ್ಲ. ಬಾಡಿದ ಗಿಡವನ್ನಷ್ಟೇ ನೆಲಮಟ್ಟಕ್ಕೆ ಕಡಿದು ನೋಡೋಣ ಎಂದು ಒಪ್ಪಿದಳು. ಆದರೆ ಕೆಳಗಿನ ಮೂಲೆ ಕೈಬಿಟ್ಟುಹೋಗಿತ್ತು. ಅದನ್ನು ಅಗೆಯಬೇಕಾಯಿತು. ಮೊದಲ ಗುದ್ದಲಿ ಏಟು ನಮುಗ್ಗಳೇ ಹಾಕಿದಳು. ಆಮೇಲೆ ಗುದ್ದಲಿಯನ್ನು ಸೊಸೆಗೆ ಕೊಟ್ಟು, ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು.

ರೋಗ ಒಮ್ಮೆಗೇ ಹೋಗಲಿಲ್ಲ. ಆದರೆ ಬಾಡುವ ಗಿಡಗಳು ಕಡಿಮೆಯಾಗುತ್ತ ಬಂದವು. ಮುಂದಿನ ಮಳೆಗೆ ಬಾಡಿದ್ದು ಒಂದೋ ಎರಡೋ. ಅಗೆದ ಮೂಲೆಯಲ್ಲಿ ಆ ವರ್ಷ ಹುರುಳಿಕಾಯಿ ಬೆಳೆದರು. ಅದಾದ ಮೇಲೆ ಹೊಸ ಸಸಿ ನೆಟ್ಟರು. ಸಾಲು ಹಿಡಿದವಳು ಸೊಸೆ, ಹುಲ್ಲು ಹೊದಿಸಿದವಳು ಅತ್ತೆ. ತಮ್ಮಲ್ಲೂ ರೋಗ ಕಂಡು ನೆರೆಯ ತೋಟದವರು ಕರೆಯಲು ಬಂದಾಗ ಇಬ್ಬರನ್ನೂ ಕರೆದರು. ಕೆಂಡದ ಮಡಕೆ ಒಬ್ಬಳ ಕೈಯಲ್ಲಿ, ಕೋಲು ಇನ್ನೊಬ್ಬಳ ಕೈಯಲ್ಲಿ. ದಾರಿಯುದ್ದಕ್ಕೂ ಮಾತಾಡುತ್ತ ಹೋಗುತ್ತಿದ್ದರು.

ಹೊಸ ಗಿಡದ ಮೊದಲ ಗೊನೆ ಬಲಿತ ದಿನ ಹಳೆಯ ತೋಟದಿಂದಲೂ ಒಂದು ಗೊನೆ ಇಳಿಸಿದರು. ಎರಡನ್ನೂ ಒಂದೇ ಎಲೆಯಲ್ಲಿ ಸುತ್ತಿ ಬೇಯಿಸಿದರು. ಮಗ, ಮೊಮ್ಮಕ್ಕಳು, ನೆರೆಯವರು ಎಲ್ಲರೂ ಹೊಟ್ಟೆ ತುಂಬ ಉಂಡರು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಕಾಯುತ್ತಿದ್ದ.

"ಗುರುಗಳೇ, ಹಾಗಾದರೆ ಕೊನೆಗೆ ಯಾರ ಮಾತು ಸರಿಯಾಯಿತು? ಅತ್ತೆಯದೋ, ಸೊಸೆಯದೋ?"

"ಉಣ್ಣಲು ಕುಳಿತವರಲ್ಲಿ ಯಾರೂ ಅದನ್ನು ಕೇಳಲಿಲ್ಲ" ಎಂದರು ಗುರುಗಳು.