ದ್ಯಾವಪ್ಪನ ರಿಂಗು

ಹೊಳೆದಂಡೆಯ ಮಠದ ಹಾಸ್ಟೆಲಿನಲ್ಲಿದ್ದ ಮಾದೇಶನಿಗೆ ಸತ್ತವನೊಬ್ಬನ ಮೇಲೆ ಅನುಮಾನ ಹುಟ್ಟಿತು.

ಸತ್ತವನ ಹೆಸರು ದ್ಯಾವಪ್ಪ. ಮಾದೇಶ ಹುಟ್ಟುವುದಕ್ಕೂ ಎಷ್ಟೋ ಮೊದಲು ಅದೇ ಹಾಸ್ಟೆಲಿನಲ್ಲಿ ಉಂಡು, ಅದೇ ಮಠದ ತಂಡದಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಹೋದವನು. ಬರಿಗಾಲಲ್ಲಿ ಓಡಿಬಂದು, ಮೇಲಕ್ಕೆ ನೆಗೆದು, ಚೆಂಡನ್ನು ರಿಂಗಿನ ಮೇಲಿಂದ ಒಳಕ್ಕೆ ಅದುಮುತ್ತಿದ್ದನಂತೆ. ಹಾಗಂತ ಎಲ್ಲರೂ ಹೇಳುತ್ತಿದ್ದರು. ಕಣ್ಣಾರೆ ಕಂಡವರು ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಮಾದೇಶನೂ ಹಾಗೆ ಅದುಮಬಲ್ಲವನೇ. ದ್ಯಾವಪ್ಪನ ನಂತರ ಆ ಮಠದಲ್ಲಿ ಅದು ಕೈಗೂಡಿದ್ದು ಇವನೊಬ್ಬನಿಗೆ. ಮೊದಲ ಸಲ ಅದುಮಿದ ದಿನ ಹುಡುಗರು ಕುಣಿದಾಡಿದರು. ದಾಸೋಹದ ಮನೆಯ ಶಾಂತವೀರಪ್ಪ ಸೌಟು ಹಿಡಿದುಕೊಂಡೇ ಹೊರಗೆ ಬಂದ.

"ಭಲೆ ಮರಿ! ಹೆಚ್ಚೂ ಕಮ್ಮಿ ದ್ಯಾವಪ್ಪನೇ ಕಣೋ ನೀನು!"

ಆ 'ಹೆಚ್ಚೂ ಕಮ್ಮಿ' ಮಾದೇಶನ ಗಂಟಲಲ್ಲಿ ಮುಳ್ಳಿನಂತೆ ಕೂತಿತು. ಹೆಚ್ಚಾದರೆ ಹೆಚ್ಚು ಅನ್ನಲಿ, ಕಮ್ಮಿಯಾದರೆ ಕಮ್ಮಿ ಅನ್ನಲಿ. ಎರಡನ್ನೂ ಒಟ್ಟಿಗೆ ಹೇಳಿ ಸೌಟು ಅಲ್ಲಾಡಿಸಿಕೊಂಡು ಒಳಗೆ ಹೋದರೆ ಏನರ್ಥ?

ಅಂದಿನಿಂದ ಅವನಿಗೆ ಸರಿಯಾಗಿ ಊಟ ಸೇರಲಿಲ್ಲ. ತಂಡಕ್ಕೆ ಅವನೇ ನಾಯಕ. ಪೇಟೆ ಕ್ಲಬ್ಬಿನವರ ಮೇಲಿನ ಫೈನಲ್ ಹತ್ತಿರ ಬರುತ್ತಿತ್ತು. ಮಠಕ್ಕೆ ಆ ಕಪ್ಪು ಕೊನೆಯ ಸಲ ಬಂದದ್ದು ಯಾವಾಗ ಅಂತ ಕೇಳಿದರೆ, ಮತ್ತೆ ಅದೇ ಉತ್ತರ: ದ್ಯಾವಪ್ಪನ ಕಾಲದಲ್ಲಿ.

ಆಟ ಕಲಿಸುತ್ತಿದ್ದವರು ಮಠದ ಸದ್ಯೋಜಾತ ಸ್ವಾಮಿಗಳು. ಗಿಡ್ಡ ದೇಹ. ಕಾವಿಯನ್ನು ಮೇಲಕ್ಕೆ ಸಿಕ್ಕಿಸಿ, ಕೊರಳಲ್ಲಿ ಲಿಂಗದ ಪಕ್ಕದಲ್ಲೇ ಸೀಟಿ ನೇತುಹಾಕಿಕೊಂಡು ಕೋರ್ಟಿಗೆ ಇಳಿಯುತ್ತಿದ್ದರು. ಎಲ್ಲರೂ ಅವರನ್ನು 'ಬುದ್ಧಿ' ಎಂದೇ ಕರೆಯುತ್ತಿದ್ದರು.

ಮಾದೇಶ ಅವರ ಮುಂದೆ ಹೋಗಿ ನಿಂತ.

"ಬುದ್ಧಿ, ಒಂದು ಮಾತು ಕೇಳ್ಲಾ?"

"ಕೇಳಪ್ಪ."

"ದ್ಯಾವಪ್ಪ ದೊಡ್ಡ ಆಟಗಾರನೋ, ನಾನೋ?"

ಸ್ವಾಮಿಗಳು ಚೆಂಡಿಗೆ ಗಾಳಿ ತುಂಬುತ್ತಿದ್ದರು. ತಲೆಯೆತ್ತಲಿಲ್ಲ.

"ಫೈನಲ್ಲು ಯಾರ ಮೇಲೆ?"

"ಪೇಟೆ ಕ್ಲಬ್ಬಿನೋರ ಮೇಲೆ."

"ಅವರ ತಂಡದಲ್ಲಿ ದ್ಯಾವಪ್ಪ ಇದಾನಾ?"

"ಇಲ್ಲ ಬುದ್ಧಿ."

"ಸದ್ಯ," ಅಂದು ಸ್ವಾಮಿಗಳು ಪಂಪು ಒತ್ತತೊಡಗಿದರು.

ಮಾದೇಶನಿಗೆ ಇದು ಉತ್ತರದ ಹಾಗೆ ಕಾಣಲಿಲ್ಲ. ಜಾರಿಕೊಂಡ ಹಾಗೆ ಕಂಡಿತು. ಬುದ್ಧಿಯವರು ಜಾರಿಕೊಂಡರು ಅಂದರೆ ಏನೋ ಮುಚ್ಚಿಡುತ್ತಿದ್ದಾರೆ.

ಮಠದ ಹಜಾರದಲ್ಲಿ ದ್ಯಾವಪ್ಪನದೊಂದು ಫೋಟೋ ಇತ್ತು. ಕೈಯಲ್ಲಿ ಚೆಂಡು, ಚೆಂಡು ರಿಂಗಿನ ಮೇಲೆ. ಮಾದೇಶ ಅದರ ಮುಂದೆ ಬಹಳ ಹೊತ್ತು ನಿಂತ. ಫೋಟೋದಲ್ಲಿ ದ್ಯಾವಪ್ಪನ ತಲೆಯಿತ್ತು, ತೋಳಿತ್ತು, ಸೊಂಟವಿತ್ತು. ಕಾಲು ಇರಲಿಲ್ಲ. ಮೊಣಕಾಲಿನಿಂದ ಕೆಳಗೆ ಕಾಗದವೇ ಇರಲಿಲ್ಲ.

ಮುಖವನ್ನು ಫೋಟೋದ ಹತ್ತಿರಕ್ಕೆ ತಂದು ನೋಡಿದ. ಬೆಂಚಿನ ಮೇಲೆ ನಿಂತಿದ್ದನೇನು? ಯಾರಾದರೂ ಎತ್ತಿ ಹಿಡಿದಿದ್ದರೇನು?

"ಬುದ್ಧಿ, ಆ ಫೋಟೋದ ಕೆಳಗಿನ ಭಾಗ ಯಾರು ಕತ್ತರಿಸಿದ್ದು?"

"ಗೆದ್ದಲು."

"ಕಾಲಿರೋ ಕಡೆಗೇ ಹಿಡೀತಾ ಗೆದ್ದಲು?"

"ಅದು ಕೆಳಗಿಂದಲೇ ಅಲ್ವೇನಪ್ಪ ಹತ್ತೋದು?"

ಈ ಉತ್ತರದಲ್ಲಿ ತಪ್ಪು ಹುಡುಕಲು ಮಾದೇಶನಿಗೆ ಆಗಲಿಲ್ಲ. ಅದಕ್ಕೇ ಅನುಮಾನ ಇನ್ನಷ್ಟು ಬಲಿಯಿತು. ಅನುಮಾನ ಹತ್ತಿದವನ ಪಾಡೇ ಹಾಗೆ. ಉತ್ತರ ಸಿಗದಿದ್ದರೂ ಕಷ್ಟ, ಸಿಕ್ಕರೆ ಇನ್ನೂ ಕಷ್ಟ.

ಆಗ ಅವನಿಗೆ ಇನ್ನೊಂದು ಹೊಳೆಯಿತು. ಸ್ವಾಮಿಗಳು ಸನ್ಯಾಸ ತೆಗೆದುಕೊಳ್ಳುವ ಮೊದಲು ಅವರಿಗೂ ಒಂದು ಹೆಸರು ಇದ್ದಿರಬೇಕಲ್ಲ?

"ಬುದ್ಧಿ, ಸಿಟ್ಟಾಗಬೇಡಿ. ದ್ಯಾವಪ್ಪ ಸತ್ತಿದ್ದು ನಿಜಾನಾ? ಇಲ್ಲಾ, ತಾವೇ ದ್ಯಾವಪ್ಪನವರಾ?"

ಸ್ವಾಮಿಗಳಿಗೆ ನಗು ತಡೆಯಲಾಗಲಿಲ್ಲ. ಕೊರಳ ಸೀಟಿ ಕುಣಿದಾಡುವಷ್ಟು ನಕ್ಕರು.

"ನಮ್ಮ ಎತ್ತರ ನೋಡ್ಕೊಂಡೇ ಕೇಳ್ತಿದೀಯಾ ಇದನ್ನ? ನಾವು ಆ ತಂಡದಲ್ಲಿ ಹೊಳೆಗೆ ಬಿದ್ದ ಚೆಂಡು ತಂದುಕೊಡೋರಪ್ಪ."

"ಹಂಗಾದ್ರೆ ತಾವು ಅವನ ಆಟ ಕಣ್ಣಾರೆ ನೋಡಿದೀರಿ!"

"ಚೆಂಡು ನೋಡ್ತಿದ್ವಿ. ಅದು ಹೊಳೆಗೆ ಬೀಳದಿದ್ರೆ ಸಾಕಾಗಿತ್ತು ನಮಗೆ."

ಮಾದೇಶ ಹಲ್ಲು ಕಚ್ಚಿಕೊಂಡು ಅಲ್ಲಿಂದ ಎದ್ದು ಬಂದ. ಅವನಿಗೆ ನೋವಾಗಿತ್ತು. ತಂದೆಯಿಲ್ಲದ ಮನೆಯಿಂದ ಬಂದವನು ಅವನು. ಈ ಗಿಡ್ಡ ಸ್ವಾಮಿಗಳ ಬಾಯಿಂದ 'ನೀನೇ ದೊಡ್ಡೋನು' ಅನ್ನಿಸಿಕೊಳ್ಳಲು ವರ್ಷಗಟ್ಟಲೆ ಬೆವರು ಸುರಿಸಿದ್ದ. ಅವರು ಒಂದು ಸಲವೂ ಹಾಗೆ ಅಂದಿರಲಿಲ್ಲ.

ಫೈನಲ್ಲಿನ ದಿನ ಬೆಳಗ್ಗೆ ಅವನು ಗೋಶಾಲೆಯ ಹಿಂದಕ್ಕೆ ಹೋದ. ಹಳೆಯ ಕೋರ್ಟು ಇದ್ದದ್ದು ಅಲ್ಲಿ, ಹೊಳೆಯ ಮಗ್ಗುಲಲ್ಲೇ. ಮೇಲಿನ ದಿಬ್ಬದಲ್ಲಿ ಸಿಮೆಂಟಿನ ಹೊಸ ಕೋರ್ಟು ಆದಮೇಲೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಈಗ ಅಲ್ಲಿ ಉಳಿದಿದ್ದದ್ದು ಹುಲ್ಲು, ಒಂದು ಕಲ್ಲುಕಂಬ, ಕಂಬಕ್ಕೆ ಕಟ್ಟಿದ ಕರು. ಕಂಬದ ತುದಿಯಿಂದ ಚಾಚಿದ ಕಬ್ಬಿಣದ ತೋಳಿನಲ್ಲಿ ದ್ಯಾವಪ್ಪನ ಕಾಲದ ರಿಂಗು ತುಕ್ಕು ಹಿಡಿದು ಹಾಗೇ ಇತ್ತು.

ಮಾದೇಶ ರಿಂಗಿನ ಕೆಳಗೆ ನಿಂತು ಕೈ ಎತ್ತಿದ. ಹಿಮ್ಮಡಿ ಎತ್ತಲೇ ಇಲ್ಲ. ಬೆರಳು ರಿಂಗಿಗೆ ತಾಗಿತು.

ಇನ್ನೊಂದು ಸಲ ಮುಟ್ಟಿ ನೋಡಿದ. ಆಮೇಲೆ ರಿಂಗು ಹಿಡಿದು ಅಲ್ಲಾಡಿಸಿದ. ಕರು ಹೆದರಿ ಆ ಕಡೆಗೆ ಸರಿಯಿತು.

ಖುಷಿಗೆ ಅವನ ಕಣ್ಣಲ್ಲಿ ನೀರೇ ಬಂತು. ಇಷ್ಟು ದಿನ ಈ ಕುಳ್ಳ ರಿಂಗಿನ ಕಥೆ ಕೇಳಿಕೊಂಡು ತಾನು ಕೊರಗಿದ್ದೆನಲ್ಲ!

ಸ್ವಾಮಿಗಳು ಹೊಸ ಕೋರ್ಟಿನ ಪಕ್ಕ ಕೂತು, ಸಂಜೆಯ ಆಟಕ್ಕೆಂದು ಹರಿದ ಬಲೆಗೆ ಗಂಟು ಹಾಕುತ್ತಿದ್ದರು. ಮಾದೇಶ ಏದುಸಿರು ಬಿಡುತ್ತಾ ಬಂದ.

"ಬುದ್ಧಿ, ಮೋಸ!"

"ಯಾರದಪ್ಪ?"

"ದ್ಯಾವಪ್ಪಂದು. ಆ ರಿಂಗು ನಿಂತ ಜಾಗದಲ್ಲೇ ಕೈಗೆ ಸಿಗುತ್ತೆ. ನೆಗೆಯೋದೂ ಬೇಡ, ಓಡಿಬರೋದೂ ಬೇಡ. ನಮ್ಮ ಶಾಂತವೀರಪ್ಪನೂ ಅದುಮ್ತಾನೆ ಅದರಲ್ಲಿ!"

"ಎಲ್ಲಿ ನಿಂತು ಮುಟ್ಟಿದೆ?"

"ಎಲ್ಲಿ ಅಂದ್ರೆ? ನೆಲದ ಮೇಲೆ."

"ಹೂಂ."

"ಹೂಂ ಅಂದ್ರೆ ಆಗಲ್ಲ ಬುದ್ಧಿ. ಸಂಜೆ ಆಟಕ್ಕೆ ಮುಂಚೆ ಎಲ್ಲರ ಎದುರಿಗೆ ತಾವು ಹೇಳಬೇಕು. ದ್ಯಾವಪ್ಪನ ಕಾಲ ಬೇರೆ, ಮಾದೇಶನೇ ದೊಡ್ಡೋನು ಅಂತ. ಹೇಳದಿದ್ರೆ ನಾನು ಆಡಲ್ಲ."

ಅಲ್ಲಿದ್ದ ಹುಡುಗರೆಲ್ಲ ಮುಖ ಮುಖ ನೋಡಿಕೊಂಡರು. ಮಾದೇಶನಿಲ್ಲದೆ ಪೇಟೆಯವರ ಎದುರು ನಿಲ್ಲುವುದು ಆಗದ ಮಾತು ಅಂತ ಎಲ್ಲರಿಗೂ ಗೊತ್ತಿತ್ತು. ಅದು ಮಾದೇಶನಿಗೂ ಗೊತ್ತಿತ್ತು.

ಸ್ವಾಮಿಗಳು ಬಲೆಯ ಗಂಟನ್ನು ಹಲ್ಲಿನಿಂದ ಬಿಗಿದರು. ಎದ್ದು ಹೋಗಿ ಗುದ್ದಲಿ ತಂದು ಅವನ ಕೈಗಿಟ್ಟರು.

"ಕಂಬದ ಬುಡ ನೋಡ್ಕೊಂಡು ಬಾ. ಆಮೇಲೆ ಮಾತಾಡೋಣ."

ಮಾದೇಶ ಗುದ್ದಲಿಯನ್ನು ನೋಡಿದ, ಅವರನ್ನು ನೋಡಿದ. ಆಟದ ದಿನ ಯಾರಾದರೂ ನಾಯಕನ ಕೈಗೆ ಗುದ್ದಲಿ ಕೊಡುತ್ತಾರಾ? ತನ್ನನ್ನು ದಣಿಸಿ, ಸಂಜೆ ತಂಡದ ಇನ್ನೊಬ್ಬ ಆಟಗಾರ ರೇವಣ್ಣನನ್ನು ನಾಯಕ ಮಾಡುವ ಹುನ್ನಾರವಿರಬೇಕು. ರೇವಣ್ಣ ಇತ್ತೀಚೆಗೆ ಬುದ್ಧಿಯವರ ಹಿಂದೆ ಮುಂದೆ ಸುತ್ತುತ್ತಿದ್ದದ್ದು ಸುಮ್ಮನೆ ಅಲ್ಲ.

ಆದರೂ ಹೋದ. ಹೋಗದಿದ್ದರೆ ಹೆದರಿದ ಅಂದುಕೊಳ್ಳುತ್ತಾರೆ.

ಕರುವನ್ನು ಬಿಚ್ಚಿ ಬೇರೆ ಕಡೆ ಕಟ್ಟಿ, ಕಂಬದ ಬುಡದಲ್ಲಿ, ರಿಂಗಿನ ಕೆಳಗೇ ಅಗೆಯತೊಡಗಿದ. ಮಣ್ಣು ಮೆತ್ತಗಿತ್ತು. ಹೊಳೆಯ ಮೆಕ್ಕಲು ಮಣ್ಣು, ನಡುನಡುವೆ ಮರಳು, ಬಸವನಹುಳುವಿನ ಚಿಪ್ಪು. ಮೊಣಕಾಲುದ್ದ ಅಗೆದರೂ ಕಂಬದ ಬುಡ ಸಿಗಲಿಲ್ಲ.

ರೇವಣ್ಣ ಚೆಂಬಿನಲ್ಲಿ ಮಜ್ಜಿಗೆ ತಂದ.

"ಯಾರು ಕಳಿಸಿದ್ದು?" ಮಾದೇಶ ಕೇಳಿದ.

"ಯಾರೂ ಇಲ್ಲ ಕಣೋ. ಬಿಸಿಲು ಅಂತ ತಂದೆ."

ಮಾದೇಶ ಮಜ್ಜಿಗೆಯನ್ನು ಮೂಸಿ ನೋಡಿದ. ರೇವಣ್ಣನ ಮುಖವನ್ನೂ ದಿಟ್ಟಿಸಿ ನೋಡಿದ. ಆಮೇಲೆ ಕುಡಿದ. ರೇವಣ್ಣ ಖಾಲಿ ಚೆಂಬು ತೆಗೆದುಕೊಂಡು ಹೋದ. ಅವನಿಗೆ ಬೇಸರವಾಗಿತ್ತು.

ಸೊಂಟದುದ್ದ ಅಗೆದಾಗ ಗುದ್ದಲಿ ಠಣ್ ಎಂದಿತು. ಕೈಯಿಂದ ಮಣ್ಣು ಸರಿಸಿದ. ಕೆಳಗೆ ಬಡಿದು ಬಡಿದು ಗಟ್ಟಿ ಮಾಡಿದ ನೆಲ. ಅದರ ಅಂಚಿಗೆ ಸಾಲಾಗಿ ಹೂತ ಇಟ್ಟಿಗೆ, ಇಟ್ಟಿಗೆಯ ಮೇಲೆ ಇನ್ನೂ ಅಳಿಯದ ಸುಣ್ಣ. ಕೋರ್ಟಿನ ಗೆರೆ.

ಮಾದೇಶ ಬೆನ್ನು ನೆಟ್ಟಗೆ ಮಾಡಿ ಮೇಲೆ ನೋಡಿದ. ರಿಂಗು ದೂರದಲ್ಲಿತ್ತು.

ಕೈ ಎತ್ತಿದ. ತಾಗಲಿಲ್ಲ. ಹಿಮ್ಮಡಿ ಎತ್ತಿದ. ತಾಗಲಿಲ್ಲ. ಹೊಸ ಕೋರ್ಟಿನ ರಿಂಗು ಎಷ್ಟು ಎತ್ತರವೋ ಇದೂ ಅಷ್ಟೇ. ನಿತ್ಯ ಅದರ ಕೆಳಗೇ ಬೆಳೆದ ಅವನ ಕಣ್ಣಿಗೆ ಅಳತೆಪಟ್ಟಿ ಬೇಕಿರಲಿಲ್ಲ.

ಹೊಳೆ ಉಕ್ಕಿದಾಗಲೆಲ್ಲ ಮಣ್ಣು ತಂದು ಹಾಕಿ ಹೋಗಿತ್ತು. ರಿಂಗು ಎಲ್ಲಿತ್ತೋ ಅಲ್ಲೇ ಇತ್ತು. ಮೇಲೆ ಬಂದಿದ್ದು ನೆಲ.

ಅವನಿಗೆ ನಾಚಿಕೆಯಾಯಿತು. ಒಂದು ಗಳಿಗೆ ಅಷ್ಟೇ. ಮರುಗಳಿಗೆಗೆ ಹಳೆಯ ಹುಳ ಮತ್ತೆ ಕೊರೆಯತೊಡಗಿತು. ಎತ್ತರ ಒಂದೇ ತಾನೆ? ಹಾಗಾದರೆ ಈಗಲೇ ತೀರ್ಮಾನವಾಗಲಿ.

ಬೂಟು ಬಿಚ್ಚಿ ಮೇಲಕ್ಕೆ ಎಸೆದ. ದ್ಯಾವಪ್ಪನ ಹಾಗೆ ಬರಿಗಾಲಲ್ಲೇ ನಿಂತು ನೆಗೆದ. ಮೊಣಕೈ ಗುಂಡಿಯ ಅಂಚಿಗೆ ಬಡಿದು ತರಚಿತು. ಮತ್ತೆ ನೆಗೆದ. ರಿಂಗು ಸಿಗಲಿಲ್ಲ. ಸಿಗುವುದಾದರೂ ಹೇಗೆ, ಓಡಿಬರಲು ಜಾಗವೇ ಇಲ್ಲ.

ಜಾಗ ಮಾಡಬೇಕು. ಗುದ್ದಲಿ ಎತ್ತಿಕೊಂಡು ಅಕ್ಕಪಕ್ಕದ ಮಣ್ಣು ಕಡಿಯತೊಡಗಿದ. ಹೊತ್ತು ಇಳಿಯುತ್ತಿತ್ತು. ಮಧ್ಯಾಹ್ನದ ಪ್ರಸಾದದ ಗಂಟೆ ಯಾವಾಗಲೋ ಬಡಿದಿತ್ತು. ಅವನು ಕೇಳಿಸಿಕೊಂಡಿರಲಿಲ್ಲ.

ದಿಬ್ಬದ ಮೇಲೆ ಪೇಟೆಯವರ ವ್ಯಾನು ಬಂದು ನಿಂತ ಸದ್ದಾಯಿತು. ಹುಡುಗರ ಗದ್ದಲ, ಚೆಂಡು ಪುಟಿಯುವ ಸದ್ದು. ಮಾದೇಶ ಅಗೆಯುತ್ತಲೇ ಇದ್ದ. ಗುಂಡಿಯ ತಳದಲ್ಲಿ ನೀರು ಜಿನುಗಿ, ಅವನ ಹೆಬ್ಬೆರಳು ಮುಳುಗುವಷ್ಟಾಗಿತ್ತು.

ನೆರಳೊಂದು ಗುಂಡಿಯ ಮೇಲೆ ಬಿತ್ತು. ಸ್ವಾಮಿಗಳು ಅಂಚಿನಲ್ಲಿ ನಿಂತಿದ್ದರು. ಕೈಯಲ್ಲಿ ಅವನ ಬೂಟು.

"ಬುಡ ಸಿಕ್ತಾ?"

"ಸಿಕ್ತು ಬುದ್ಧಿ. ಎತ್ತರ ಒಂದೇ. ಅದು ಮೋಸ ಅಲ್ಲ, ಒಪ್ಕೊಂಡೆ."

"ಮತ್ತೆ ಇದೇನು ಮಾಡ್ತಿದೀಯ?"

"ಓಡಿಬರೋಕೆ ಜಾಗ ಮಾಡ್ತಿದೀನಿ. ಅವನು ನಿಂತಿದ್ದ ನೆಲದಲ್ಲೇ ನಿಂತು ನೆಗೆದು ನೋಡ್ತೀನಿ. ಆಗ ಗೊತ್ತಾಗುತ್ತೆ ಯಾರು ದೊಡ್ಡೋರು ಅಂತ."

"ಇಡೀ ಕೋರ್ಟು ಅಗೀತೀಯಾ?"

"ಅಗೀತೀನಿ."

"ಆಮೇಲೆ?"

"ಆಮೇಲೆ ಅವನ ಕಾಲದ ಚೆಂಡು ಬೇಕು. ಅದು ಭಾರ ಇತ್ತಂತೆ. ಅವನ ಎದುರಿಗೆ ಆಡಿದೋರು ಎಂಥೋರು ಅಂತಾನೂ ಗೊತ್ತಾಗಬೇಕು..."

ಗುದ್ದಲಿ ಅವನ ಕೈಜಾರಿ ನೀರಿಗೆ ಬಿತ್ತು.

"ಒಂದು ಸಲ ಹೇಳಿಬಿಡಿ ಬುದ್ಧಿ," ಅಂದ. "ಅವನೇ ದೊಡ್ಡೋನು ಅಂತಾದ್ರೂ ಹೇಳಿ. ನಾನು ತಡ್ಕೋತೀನಿ. ಹಿಂಗೆ ಅನುಮಾನದಲ್ಲಿ ಇರೋಕಾಗಲ್ಲ ನಂಗೆ."

ದಿಬ್ಬದಿಂದ ರೇವಣ್ಣ ಕೂಗಿದ. "ಮಾದೇಶಾ, ಬಾರೋ! ನೀನಿಲ್ದೆ ನಾವು ಇಳಿಯಲ್ಲ!"

ಸ್ವಾಮಿಗಳು ಕೂತು, ಬೂಟನ್ನು ಗುಂಡಿಯ ಅಂಚಿನಲ್ಲಿ ಜೋಡಿಸಿಟ್ಟರು. ಕೈ ಚಾಚಿದರು.

"ದ್ಯಾವಪ್ಪನಿಗೆ ಅದು ನೆಲ ಆಗಿತ್ತಪ್ಪ. ನಿನಗೆ ಗುಂಡಿ. ಹತ್ತಿ ಬಾ."