ಜವರ ತೊಟ್ಟಿಲು ರಿಪೇರಿ ಮಾಡಿದ್ದು

ಹೂಂಗುಟ್ಟೋರು ಒಬ್ಬರಾದರೂ ಇದ್ದರೆ ಕತೆ ಮುಂದಕ್ಕೆ ಹೋಗುತ್ತೆ. ಎಲ್ಲರೂ ತೂಕಡಿಸಿದರೆ ಕತೆಯೂ ತೂಕಡಿಸುತ್ತೆ. ಎಲ್ಲಿ, ಯಾರಾದರೂ ಹೂಂ ಅನ್ನಿ. ಹಾಂ, ಹಾಗೆ.

ದ್ಯಾವಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಜವರ. ಆಳು ಬಾಗಿಲುದ್ದ ಬೆಳೆದಿದ್ದ, ಬುದ್ಧಿ ಮಾತ್ರ ಇನ್ನೂ ಹೊಸ್ತಿಲು ದಾಟಿರಲಿಲ್ಲ. ಸೋಮಾರಿ ಏನಲ್ಲ, ಪಾಪ. ಹೇಳಿದ ಕೆಲಸ ಹೇಳಿದ ಹಾಗೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

"ಇವನನ್ನ ಕಟ್ಕೊಂಡು ನಾನೇನು ಮಾಡ್ಲಿ ದೇವ್ರೇ!" ಅಂತ ದ್ಯಾವಮ್ಮ ದಿನಕ್ಕೆ ಹತ್ತು ಸಲ ಹಣೆ ಚಚ್ಚಿಕೊಳ್ಳುವಳು.

ಜವರನ ತಂಗಿ ಚಿಕ್ಕತಾಯಿ ಹೆರಿಗೆಗೆ ತವರಿಗೆ ಬಂದಳು, ಗಂಡು ಮಗು ಹೆತ್ತಳು. ಮಗು ನೋಡೋಕೆ ಅವಳ ಅತ್ತೆ ಹೊಂಬಾಳಮ್ಮ ಬಂದಳು. ಬಾಗಿಲು ತಳ್ಳಿದಳು, ತೆರೆಯಲಿಲ್ಲ. ಭುಜ ಕೊಟ್ಟು ತಳ್ಳಿದಳು, ಬಾಗಿಲ ಸಮೇತ ಒಳಗೆ ಬಂದು ಕೂತಳು! ಕೂತಲ್ಲೇ ಕಣ್ಣು ಹಾಯಿಸಿದಳು. ಮಂಚದ ಕಾಲಿಗೆ ಗೆದ್ದಲು. ಒಡೆದ ಹೆಂಚಿನಲ್ಲಿ ಆಕಾಶ. ತೊಲೆಯಿಂದ ತೂಗುಬಿದ್ದ ಹಳೇ ತೊಟ್ಟಿಲು, ಅದರ ತಳದ ಪಟ್ಟಿ ಮುರಿದಿದೆ.

"ಅಯ್ಯಯ್ಯೋ, ಈ ಮನೇಲಿ ನನ್ ಮೊಮ್ಮಗನಿಗೆ ತೊಟ್ಲು ಶಾಸ್ತ್ರವಾ? ಶುಕ್ರವಾರ ಬರ್ತೀನಿ ಬೀಗಿತ್ತಿ. ಎಲ್ಲಾ ನೆಟ್ಟಗಿದ್ರೆ ಸರಿ. ಇಲ್ದಿದ್ರೆ ತಾಯಿ ಮಗೂನ ನಮ್ಮೂರಿಗೆ ಕರ್ಕೊಂಡೋಗಿ ಅಲ್ಲೇ ಹೆಸರಿಡ್ತೀವಿ!"

ದ್ಯಾವಮ್ಮನಿಗೆ ಎದೆ ಒಡೆದಂತಾಯಿತು. ಆ ತೊಟ್ಟಿಲು, ಜವರ ಹುಟ್ಟಿದಾಗ ಅವಳ ಗಂಡ ಹಲಸಿನ ಮರದಲ್ಲಿ ತಾನೇ ಕೈಯಾರೆ ಮಾಡಿದ್ದು. ಅವನೀಗ ಇಲ್ಲ. ಮೊದಲ ಮೊಮ್ಮಗ ಅಜ್ಜನ ತೊಟ್ಟಿಲಲ್ಲಿ ಮಲಗಬೇಕು, ಅದೊಂದೇ ಅವಳ ಆಸೆ. ಊರ ಆಚಾರಿಯೋ ದೂರದ ಊರಲ್ಲಿ ಕೆಲಸ ಹಿಡಿದು ಹೋಗಿದ್ದ. ಮನೆಯಲ್ಲಿ ಉಳಿದಿದ್ದು ಗಂಡನ ಉಳಿ, ಗರಗಸ, ಮತ್ತೆ ಜವರ.

"ಲೇ ಜವರ, ಬಾಗಿಲು ಉಜ್ತದೆ. ಎಲ್ಲಿ ಉಜ್ತದೋ ನೋಡಿ ಅಲ್ಲಿ ಕೆತ್ತು" ಅಂದು ಸೊಪ್ಪು ಕೊಯ್ಯೋಕೆ ಹೋದಳು.

ಜವರ ಬಾಗಿಲು ಹಾಕಿದ, ತೆಗೆದ. ಹೊಸ್ತಿಲಿಗೆ ಉಜ್ಜುತ್ತಿತ್ತು. ಸರಿ, ಹೊಸ್ತಿಲನ್ನೇ ಕೆತ್ತಿದ! ಅವ್ವ ಬರುವ ಹೊತ್ತಿಗೆ ಬಾಗಿಲು ಹಾಕಿಯೇ ಇತ್ತು, ಕೋಳಿ ಮಾತ್ರ ಅದರ ಅಡಿಯಲ್ಲಿ ಹೋಗಿ ಬಂದು ಮಾಡುತ್ತಿತ್ತು.

"ಅಯ್ಯೋ ಪಾಪಿ! ಹೊಸ್ತಿಲಿಗೆ ಉಳಿ ಇಡ್ತಾರೇನ್ಲಾ? ಮನೆ ಮರ ಅಂದ್ರೆ ಲಕ್ಷ್ಮಿ ಕನ್ಲಾ! ಅರಿಶಿನ ಕುಂಕುಮ ಇಟ್ಟು ಕೈ ಮುಗೀಬೇಕು!"

"ಹಂಗಾ ಅವ್ವಾ? ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೆ ದಿನ ದ್ಯಾವಮ್ಮ, "ಬಾಣಂತಿ ಮಂಚದ ಕಾಲಿಗೆ ಗೆದ್ದಲು ಹಿಡಿದೈತೆ, ಅದಕ್ಕೊಂದು ಗತಿ ಕಾಣಿಸು" ಅಂದಳು. ಜವರ ಸ್ನಾನ ಮಾಡಿ ಬಂದ. ಮಂಚದ ಕಾಲಿಗೆ ಅರಿಶಿನ ಹಚ್ಚಿದ, ಕುಂಕುಮ ಇಟ್ಟ, ದಾಸವಾಳ ಮುಡಿಸಿದ, ಊದುಬತ್ತಿ ಬೆಳಗಿ ಕೈ ಮುಗಿದು ಕೂತ. ಅವನು ಕಣ್ಣು ಮುಚ್ಚಿಕೊಂಡಿದ್ದ, ಗೆದ್ದಲು ಮಂಚ ತಿನ್ನುತ್ತಿತ್ತು. ಸಂಜೆ ಹೊತ್ತಿಗೆ ಮಂಚ ಒಂದು ಕಡೆ ವಾಲಿತು.

"ಗೆದ್ದಲಿಗೆ ಪೂಜೆ ಮಾಡ್ತಾರೇನ್ಲಾ, ಮಂಕೇ! ಹಾಳಾದ್ದನ್ನ ಕಿತ್ತು ಬಿಸಾಕಬೇಕು. ಸುತ್ತ ಬೇವಿನೆಣ್ಣೆ ಬಳೀಬೇಕು!"

"ಹಂಗಾ ಅವ್ವಾ? ಇನ್ಮೇಲೆ ಹಂಗೇ ಮಾಡ್ತೀನಿ."

ದ್ಯಾವಮ್ಮ ಆ ಕಾಲಿನಡಿಗೆ ಇಟ್ಟಿಗೆ ಕೊಟ್ಟು ಮಂಚ ನಿಲ್ಲಿಸಿದಳು. ಬೆಳಗಾದ ಮೇಲೆ, "ಅಡುಗೆಮನೆ ಮೇಲೆ ಒಂದು ಹೆಂಚು ಒಡೆದೈತೆ, ನೋಡ್ಲಾ" ಅಂದಳು. ಜವರ ಏಣಿ ಹಾಕಿ ಹತ್ತಿದ. ಒಡೆದ ಹೆಂಚು ಕಿತ್ತು ಬಿಸಾಕಿದ. ಖಾಲಿ ಜಾಗದ ಸುತ್ತ ಬೇವಿನೆಣ್ಣೆ ಬಳಿದ, ಅದೂ ಒಂದು ಕುಡಿಕೆ ತುಂಬ. ಕೆಳಗೆ ಒಲೆ ಮೇಲೆ ಸೊಪ್ಪಿನ ಸಾರು ಕುದಿಯುತ್ತಿತ್ತು. ಮಧ್ಯಾಹ್ನ ಮೊದಲ ತುತ್ತು ಬಾಯಿಗಿಟ್ಟ ಬಾಣಂತಿ, "ಥೂ, ಕಹಿ! ಅವ್ವಾ, ಇದೇನು ಸಾರೋ ಕಷಾಯವೋ!" ಅಂತ ಮುಖ ಹಿಂಡಿದಳು. ದ್ಯಾವಮ್ಮ ಮೇಲೆ ನೋಡಿದಳು. ಮೊದಲು ಗೇಣಗಲ ಕಾಣುತ್ತಿದ್ದ ಆಕಾಶ ಈಗ ಮೊಳದಗಲ ಕಾಣಿಸಿತು.

"ಕಿತ್ತು ಹಂಗೇ ಬಿಡ್ತಾರೇನ್ಲಾ? ಕಿತ್ತ ಜಾಗಕ್ಕೆ ಅದೇ ಅಳತೇದು ಇನ್ನೊಂದು ತಂದು ಕೂರಿಸ್ಬೇಕು! ಅಳತೆ ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗ್ಬಾರ್ದು!"

"ಹಂಗಾ ಅವ್ವಾ? ಇನ್ಮೇಲೆ ಹಂಗೇ ಮಾಡ್ತೀನಿ."

ಹೆಂಚೇನೋ ಬಂತು. ಈಗ ಏಣಿಯ ನಡುವಿನ ಮೆಟ್ಟಿಲು ಮುರಿದಿತ್ತು, ಇವನೇ ಇಳಿಯುವಾಗ ಮುರಿದದ್ದು. ಜವರ ಅದನ್ನು ಕಿತ್ತ. ದಾರ ಹಿಡಿದು ಅಳತೆ ತೆಗೆದ. ಮನೆಯೆಲ್ಲ ಹುಡುಕಿದ. ಮೂಲೆಯಲ್ಲಿ ಬಾಣಂತಿಗೆ ಅಂತ ಯಾರೋ ಕೊಟ್ಟ ಕಬ್ಬಿನ ಜಲ್ಲೆ ಇತ್ತು. ದಪ್ಪ ಸರಿಯಾಯಿತು. ಉದ್ದ ಕತ್ತರಿಸಿದ, ಅದೂ ಸರಿಯಾಯಿತು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ!

ಇವನನ್ನು ಮತ್ತೆ ಹೆಂಚಿನ ಮೇಲೆ ಹತ್ತಿಸೋದು ಬೇಡ ಅಂತ ದ್ಯಾವಮ್ಮ ಪಕ್ಕದ ಮನೆ ಕೆಂಚಪ್ಪನನ್ನು ಕರೆದಳು. ಕೆಂಚಪ್ಪ ಹೆಂಚು ಹಿಡಿದು ಒಂದು ಮೆಟ್ಟಿಲು ಹತ್ತಿದ, ಎರಡು ಹತ್ತಿದ, ಮೂರನೆಯದಕ್ಕೆ ಕಾಲಿಟ್ಟ. ಲಟಕ್! ಪುಣ್ಯಕ್ಕೆ ಕೆಳಗೆ ರಾಗಿ ಹುಲ್ಲು ಹರಡಿತ್ತು. ಕೆಂಚಪ್ಪ ಹುಲ್ಲಿನಲ್ಲಿ ಕೂತು, ಹೆಂಚನ್ನು ಎದೆಗವಚಿಕೊಂಡು, ಮುರಿದ ತುಂಡನ್ನು ಮೂಸಿ ನೋಡಿದ.

"ದ್ಯಾವಕ್ಕ, ಇದು ಕಬ್ಬು ಕನಕ್ಕ!"

"ಅಳತೆ ಸರಿಯಾಗಿತ್ತು ಕನವ್ವಾ" ಅಂದ ಜವರ.

"ಅಳತೆ ಸರಿ ಇದ್ರೆ ಸಾಕೇನ್ಲಾ, ಗಟ್ಟಿ ಬೇಡ್ವಾ? ಮರದ ಜಾಗಕ್ಕೆ ಮರ ಹಾಕು! ಇನ್ನೊಬ್ರು ಹತ್ತೋಕೆ ಮುಂಚೆ ನೀನೇ ಹತ್ತಿ ನೋಡು! ನಿನ್ ಭಾರ ತಡೆದ್ರೆ ಮಿಕ್ಕೋರ ಭಾರ ತಡೀತದೆ!"

"ಹಂಗಾ ಅವ್ವಾ? ಇನ್ಮೇಲೆ ಹಂಗೇ ಮಾಡ್ತೀನಿ."

ಕೆಂಚಪ್ಪ ತನ್ನ ಮನೆಯ ಏಣಿ ತಂದು ಹೆಂಚು ಹೊದಿಸಿದ. ಬಾಗಿಲಡಿಗೆ ಒಂದು ಪಟ್ಟಿಯನ್ನೂ ಹೊಡೆದುಕೊಟ್ಟ. ಆಮೇಲೆ ಸೊಂಟ ಹಿಡಿದುಕೊಂಡು ಮನೆಗೆ ಹೋದವನು ತಿರುಗಿ ಬರಲಿಲ್ಲ. ಗುರುವಾರ ಬಂತು, ತೊಟ್ಟಿಲು ಉಳಿದೇ ಇತ್ತು. ಬೇರೆ ದಾರಿ ಇಲ್ಲದೆ ದ್ಯಾವಮ್ಮ ಮಗನಿಗೇ ಹೇಳಿ, ನೋಡೋಕೆ ಧೈರ್ಯ ಸಾಲದೆ ಮುಖ ತಿರುಗಿಸಿ ಕೂತಳು.

ಜವರ ಹೇಳಿಸಿಕೊಂಡಿದ್ದನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡ. ಅರಿಶಿನ ಕುಂಕುಮ ಇಟ್ಟು ಕೈ ಮುಗಿದ. ಹಾಳಾದ ಪಟ್ಟಿ ಕಿತ್ತ. ಬೇವಿನೆಣ್ಣೆ ಬಳಿದ. ಅಪ್ಪ ಅಟ್ಟದ ಮೇಲೆ ಇಟ್ಟು ಹೋಗಿದ್ದ ಹಲಸಿನ ಹಲಗೆ ಇಳಿಸಿ, ದಾರ ಹಿಡಿದು ಅಳೆದು, ಕುಯ್ದು ಕೂರಿಸಿದ. ದ್ಯಾವಮ್ಮ ತಿರುಗಿ ನೋಡಿದಳು. ಬೆರಳಿಟ್ಟು ಅಲ್ಲಾಡಿಸಿದಳು. ಅಲ್ಲಾಡಲಿಲ್ಲ! ಅವಳಿಗೆ ನಂಬಿಕೆಯೇ ಬರಲಿಲ್ಲ. ನಿಮಗೆ ಬಂತೇನ್ರಪ್ಪ? ನನಗಂತೂ ಬಂದಿರಲಿಲ್ಲ.

ಶುಕ್ರವಾರ ಹೊಂಬಾಳಮ್ಮ ಬಂದಳು. ಬಾಗಿಲು ಬೆರಳಲ್ಲಿ ತಳ್ಳಿದಳು, ತೆರೆಯಿತು. ಮಂಚ ನೋಡಿದಳು, ಸೂರು ನೋಡಿದಳು. ಆಮೇಲೆ ತೊಟ್ಟಿಲ ತಳ ಮುಟ್ಟಿ, "ಈ ಪಟ್ಟಿ ಯಾರು ಹಾಕಿದ್ದು?" ಅಂದಳು.

"ನಾನೇ" ಅಂದ ಜವರ.

ಹೊಂಬಾಳಮ್ಮ ಹುಬ್ಬು ಗಂಟಿಕ್ಕಿದಳು. ಹೆಂಗಸರು ಸೋಬಾನೆ ಶುರು ಮಾಡಿದರು. ಶಾಸ್ತ್ರದ ಹಾಗೆ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಲ್ಲಿಟ್ಟು ತೂಗಿದರು. ಕಲ್ಲು ತೆಗೆದರು. ಚಿಕ್ಕತಾಯಿ ಮಗುವನ್ನು ಎತ್ತಿಕೊಂಡು ಬಂದಳು.

"ತಡೀರಿ! ತಡೀರಿ! ನಾನಿನ್ನೂ ಹತ್ತಿ ನೋಡಿಲ್ಲ!"

ಜವರ ಹೆಂಗಸರ ನಡುವೆ ನುಗ್ಗಿ ಬಂದವನೇ ತೊಟ್ಟಿಲು ಹತ್ತಿ ಮಲಗಿಬಿಟ್ಟ! ಮಂಡಿ ಗದ್ದಕ್ಕೆ ತಾಗಿತ್ತು, ಪಾದ ಎರಡೂ ಹೊರಗೆ. ಸರಪಳಿ ಕಿರ್ ಅಂತು. ತೊಲೆ ಕಟ್ ಅಂತು. ದ್ಯಾವಮ್ಮ ಕಣ್ಣು ಮುಚ್ಚಿದಳು. ಮುಗೀತು, ಗಂಡನ ತೊಟ್ಟಿಲೂ ಹೋಯಿತು, ಮೊಮ್ಮಗನೂ ಹೋದ ಅಂದುಕೊಂಡಳು.

ಏನೂ ಮುರಿಯಲಿಲ್ಲ. ಹೊಸ ಪಟ್ಟಿ ಕಮಕ್ ಕಿಮಕ್ ಅನ್ನಲಿಲ್ಲ.

ಹೊಂಬಾಳಮ್ಮ ಬಗ್ಗಿ ತೊಟ್ಟಿಲ ಅಡಿ ನೋಡಿದಳು, ಎದ್ದು ಜವರನ ಮುಖ ನೋಡಿದಳು. ಅವಳಿಗೆ ನಗು ತಡೆಯಲಾಗಲಿಲ್ಲ. "ಈ ಕೋಣನ್ನ ತಡೆದ ತೊಟ್ಲು ನನ್ ಮೊಮ್ಮಗನ್ನ ತಡೀದಾ? ಬೀಗಿತ್ತಿ, ಶಾಸ್ತ್ರ ಇಲ್ಲೇ ಆಗ್ಲಿ. ಬಾಣಂತನದ ಐದು ತಿಂಗಳೂ ಮಗು ಇದ್ರಲ್ಲೇ ಮಲಗ್ಲಿ!"

ದ್ಯಾವಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಸಂತೋಷಕ್ಕೇ ಅತ್ತದ್ದು.

"ಮೊದಲು ಮಲಗಿದೋನಿಗೇ ಮೊದಲು ಹೆಸರು" ಅಂತ ಹೊಂಬಾಳಮ್ಮ ತಮಾಷೆಗೆ ಜವರನ ಕಿವಿಯಲ್ಲಿ, "ಶಿವನಂಜ, ಶಿವನಂಜ, ಶಿವನಂಜ" ಅಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಜವರ ನಗಲಿಲ್ಲ. ಹೂಂ ಅಂತ ತಲೆಯಾಡಿಸಿ ಇಳಿದು ಬಂದ. ಆಮೇಲೆ ಮಗುವನ್ನು ಮಲಗಿಸಿ, ಅದಕ್ಕೂ ಅದೇ ಹೆಸರು ಕರೆದರು.

ಮಾರನೆ ದಿನ ಬೆಳಿಗ್ಗೆ ದ್ಯಾವಮ್ಮ ಬಚ್ಚಲಲ್ಲಿ ಎರಡೂ ಕಾಲು ನೀಡಿಕೊಂಡು ಕೂತಳು, ಮೊಮ್ಮಗನಿಗೆ ನೀರು ಹಾಕೋಕೆ. ಪಕ್ಕದಲ್ಲಿ ಬೆಚ್ಚಗಿನ ಎಣ್ಣೆ, ಕಡ್ಲೆಹಿಟ್ಟು. ಅಂಗೈ ತುಂಬ ಎಣ್ಣೆ ಹುಯ್ದುಕೊಂಡು, "ಶಿವನಂಜಾ, ಬಾರಪ್ಪ ನನ್ ಬಂಗಾರ, ನೀರು ಕಾದೈತೆ!" ಅಂತ ಮುದ್ದಾಗಿ ಕೂಗಿದಳು.

ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದವನು ಕೊಡಲಿ ಕೆಳಗಿಟ್ಟ. ಅಂಗಿ ಬಿಚ್ಚಿದ. ನೆಟ್ಟಗೆ ಬಂದು ಅವ್ವನ ಕಾಲ ಮೇಲೆ ಬೋರಲು ಮಲಗಿದ!

"ಅಯ್ಯೋ, ನನ್ ಕಾಲು! ಏಳ್ಲಾ, ಏನ್ಲಾ ಇದು!"

"ನೀನೇ ಕೂಗಿದ್ಯಲ್ಲವ್ವಾ. ನೆನ್ನೆ ಹೆಸರಿಟ್ರಲ್ಲ."

ದ್ಯಾವಮ್ಮ ಬಡಿಯೋಕೆ ಅಂತ ಕೈ ಎತ್ತಿದಳು. ಕೈ ತುಂಬ ಎಣ್ಣೆ ಇತ್ತು. ಒಳಗೆ ತೊಟ್ಟಿಲು ಕಿರ್ ಕಿರ್ ಅಂತ ತೂಗುತ್ತಿತ್ತು. ಎತ್ತಿದ ಕೈಯನ್ನು ಹಾಗೇ ಇಳಿಸಿ, ಎಣ್ಣೆಯನ್ನು ಮಗನ ನೆತ್ತಿಗೆ ತಟ್ಟಿದಳು.

"ಅವ್ವಾ" ಅಂದ ಜವರ, "ಕಣ್ಣಿಗೆ ಹಿಟ್ಟು ಹೋಗ್ದಂಗೆ ನೋಡ್ಕೊ."